ಕಾರ್ಲ್‌ಟನ್ ಚಾಪ್‌ಮನ್ ಮತ್ತು ನನ್ನ ವಿಸಿಲ್

ಜುಲೈ ತಿಂಗಳಲ್ಲಿ ಮೂಡಿಗೆರೆಯ ಮೈದಾನ ಹೇಗಿರುತ್ತದೆಂದು ನಿಮಗೆಲ್ಲ ಗೊತ್ತು, ನಾಟಿಗೆ ಹದ ಮಾಡಿದ ಗದ್ದೆಯ ಹಾಗೆ. ಆ ಕೆಸರಿನಲ್ಲಿ ಕಾಲು ತಿರುಚಿ ನನ್ನ ಬಲ ಮಂಡಿಯ ಲಿಗಮೆಂಟ್ ಹರಿಯಿತು. ಈ ವರ್ಷ ಆಡುವ ಹಾಗಿಲ್ಲ ಎಂದರು ಡಾಕ್ಟರ್. ನಾನು ದ್ವಿತೀಯ ಪಿಯುಸಿ. ಕಾಲೇಜು ತಂಡದಲ್ಲಿ ನನಗೆ ಮುಂದಿನ ವರ್ಷ ಎಂಬುದಿಲ್ಲ.

ಒಂದು ತಿಂಗಳಾದ ಮೇಲೆ ಪಿ.ಟಿ. ಸರ್ ಕರೆದು, "ಸುಮ್ಮನೆ ಕೂರುವ ಬದಲು ಸಂಜೆ ಹೈಸ್ಕೂಲ್ ಹುಡುಗರಿಗೆ ಕಲಿಸಪ್ಪ" ಎಂದು ಕೈಗೆ ವಿಸಿಲ್ ಕೊಟ್ಟರು. ನನಗೆ ಅವಮಾನವೇ ಆಯಿತು. ಆಡಲಾಗದವನಿಗೆ ಕೊಡುವ ಕೆಲಸ ಅದು ಅನ್ನಿಸಿತು. ವಿಸಿಲನ್ನು ಅಕೌಂಟೆನ್ಸಿ ಪುಸ್ತಕದ ಅಡಿಗೆ ಹಾಕಿ ಒಂದು ವಾರ ಗ್ರೌಂಡ್ ಕಡೆ ತಲೆ ಹಾಕಲಿಲ್ಲ.

ಮನೆಯಲ್ಲಿ ಮಾಮುವಿಗೆ ಮಾತ್ರ ಇದನ್ನು ಹೇಳಿದೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವರಿಗೆ ಫುಟ್‌ಬಾಲ್ ಹುಚ್ಚು. ಬೈಯುತ್ತಾರೆ ಅಂದುಕೊಂಡರೆ, "ಚಾಪ್‌ಮನ್ ಯಾರು ಗೊತ್ತೇನೋ?" ಎಂದು ಕೇಳಿದರು. ಗೊತ್ತಿರಲಿಲ್ಲ. ಮೆಸ್ಸಿ, ರೊನಾಲ್ಡೊ ಬಗ್ಗೆ ಗಂಟೆಗಟ್ಟಲೆ ಜಗಳ ಆಡುವ ನಮಗೆ ನಮ್ಮ ಬೆಂಗಳೂರಿನವರ ಹೆಸರು ಗೊತ್ತಿಲ್ಲ!

ಕಾರ್ಲ್‌ಟನ್ ಚಾಪ್‌ಮನ್ 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು 1993ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿದಾಗ ಮೂರು ಗೋಲು ಇವರದು. ಇಷ್ಟಾದರೂ ಇವರು ಫಾರ್ವರ್ಡ್ ಅಲ್ಲ, ಮಿಡ್‌ಫೀಲ್ಡರ್. ಆಮೇಲೆ ಪಂಜಾಬಿನ ಜೆಸಿಟಿಗೆ ಹೋದರು. 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಆ ತಂಡದಲ್ಲಿ ಭೈಚುಂಗ್ ಭುಟಿಯಾ, ಐ.ಎಂ. ವಿಜಯನ್ ಇದ್ದರು. ಜನಕ್ಕೆ ಆ ಎರಡು ಹೆಸರು ನೆನಪಿದೆ. ಚೆಂಡು ಎಲ್ಲಿಂದ ಬರುತ್ತಿತ್ತು ಎಂಬುದು ಮರೆತುಹೋಗಿದೆ. ಚಾಪ್‌ಮನ್ ಭಾರತ ತಂಡದ ನಾಯಕರೂ ಆಗಿದ್ದರು. 2001ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ಅವರೇ ಕ್ಯಾಪ್ಟನ್. ಅಷ್ಟಕ್ಕೇ ಆಟ ನಿಲ್ಲಿಸಿದರು.

ಆಮೇಲೆ ಕೋಚ್ ಆದರು. ಮೊದಲು ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ, ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋ ತಂಡಕ್ಕೆ, ಕೊನೆಗೆ ಕಲ್ಲಿಕೋಟೆಯ ಒಂದು ಅಕಾಡೆಮಿಯಲ್ಲಿ. ದೊಡ್ಡ ತಂಡಗಳಲ್ಲ, ಟಿವಿಯವರು ಬರುವ ಜಾಗಗಳೂ ಅಲ್ಲ. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬರೀ 49 ವರ್ಷ.

"ಆಡುವಾಗಲೂ ಅವರು ಇನ್ನೊಬ್ಬರಿಗೆ ಚೆಂಡು ಕೊಡುತ್ತಿದ್ದರು, ಕೋಚ್ ಆದ ಮೇಲೂ ಅದನ್ನೇ ಮಾಡಿದರು" ಎಂದರು ಮಾಮು. ನಾನು ಪೂರ್ತಿ ಒಪ್ಪಲಿಲ್ಲ. ಅವರು ಎಲ್ಲ ಆಡಿ ಮುಗಿಸಿ ಕೋಚ್ ಆದವರು. ನಾನು ಏನು ಆಡಿದ್ದೇನೆ? ಈ ಮಾತಿಗೆ ಮಾಮು ಉತ್ತರ ಕೊಡಲಿಲ್ಲ, ಚಹಾ ಕುಡಿದು ಎದ್ದು ಹೋದರು.

ಮರುದಿನ ಗ್ರೌಂಡಿಗೆ ಹೋದೆ. ಹದಿನಾಲ್ಕು ಹುಡುಗರು, ಹೆಚ್ಚಿನವರು ಎಸ್ಟೇಟ್ ಲೈನ್ ಮನೆಗಳಿಂದ ಬರುವವರು. ಮೊದಲ ಮೂರು ದಿನ ಎಲ್ಲರೂ ಚೆಂಡಿನ ಹಿಂದೆ ಜೇನುಹುಳುಗಳ ಹಾಗೆ ಓಡಿದರು. ನಾನು ಉರ್ದು, ಬ್ಯಾರಿ, ಕನ್ನಡ ಮೂರರಲ್ಲೂ ಕೂಗಿ ಗಂಟಲು ಕೆಡಿಸಿಕೊಂಡೆ. ನಾನು ಯೋಚಿಸದೇ ಕೊಡುತ್ತಿದ್ದ ಪಾಸನ್ನು ಬಾಯಲ್ಲಿ ವಿವರಿಸಲು ಹೋದರೆ ನನಗೇ ಗೊತ್ತಿರಲಿಲ್ಲ. ಚೆಂಡು ಬರುವ ಮೊದಲೇ ತಲೆ ತಿರುಗಿಸಿ ಯಾರು ಎಲ್ಲಿದ್ದಾರೆಂದು ನೋಡಬೇಕು, ಇದನ್ನು ಅರ್ಥ ಮಾಡಿಸಲು ಹದಿನೈದು ದಿನ ಬೇಕಾಯಿತು.

ಮೊನ್ನೆ ಪಕ್ಕದ ಶಾಲೆಯ ಮೇಲೆ 2-1ರಿಂದ ಸೋತೆವು. ಆ ಒಂದು ಗೋಲಿಗೆ ಪಾಸ್ ಕೊಟ್ಟವನು ಎಂಟನೇ ತರಗತಿಯವನು. ಕೊಡುವ ಮೊದಲು ತಲೆ ತಿರುಗಿಸಿ ನೋಡಿದ. ಅದನ್ನು ಗಮನಿಸಿದ್ದು ಬಹುಶಃ ನಾನೊಬ್ಬನೇ.

ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಜೋರಾದರೆ ಅರ್ಧ ಹುಡುಗರು ಮನೆಯವರ ಜೊತೆ ತೋಟಕ್ಕೆ ಹೋಗುತ್ತಾರೆ. ಅಷ್ಟರೊಳಗೆ ಎಡಗಾಲಿನಲ್ಲಿ ಪಾಸ್ ಕೊಡುವುದನ್ನು ಕಲಿಸಬೇಕು. ಐದು ಜನಕ್ಕೆ ಬೂಟಿಲ್ಲ. ನಿಮ್ಮ ಮನೆಯಲ್ಲಿ ಹಳೆಯದಿದ್ದರೆ, ನಂಬರ್ ಐದು ಅಥವಾ ಆರು, ಸಂಜೆ ಗ್ರೌಂಡಿಗೆ ತಂದುಕೊಡಿ.