ಸೋಮವಾರದ ಪಾಳಿ ಮಂಗಳವಾರಕ್ಕೆ ಜಾರಿದಾಗ

ನಮ್ಮ ಟೀಮಿನ ಕೋಡ್‌ನಲ್ಲಿ ತಾರೀಖು ಬರೆಯೋದಕ್ಕೇ 14 ಫಂಕ್ಷನ್‌ಗಳಿದ್ದವು. ‘ಫಾರ್ಮ್ಯಾಟ್ ಡೇಟ್’, ‘ಫಾರ್ಮ್ಯಾಟ್ ಡೇಟ್ 2’, ‘ಫಾರ್ಮ್ಯಾಟ್ ಡೇಟ್ ನ್ಯೂ’, ಕೊನೆಗೆ ‘ಫಾರ್ಮ್ಯಾಟ್ ಡೇಟ್ ಫೈನಲ್’. ಬಂದುಹೋದವರೆಲ್ಲ ಒಂದೊಂದು ಬರೆದಿಟ್ಟು ಹೋಗಿದ್ದರು. ಮನೆಯ ಅಟ್ಟದ ಮೇಲಿನ ಪಾತ್ರೆಗಳ ಹಾಗೆ. ಯಾತಕ್ಕೆ ಬೇಕು ಅಂತ ಗೊತ್ತಿಲ್ಲ, ಎಸೆಯೋಕೆ ಧೈರ್ಯ ಇಲ್ಲ.

ನಾನು ಧೈರ್ಯ ಮಾಡಿದೆ.

ಕಾರಣವೂ ಇತ್ತು. ಒಂದು ಸ್ಕ್ರೀನಿನಲ್ಲಿ 03/04 ಅಂದರೆ ಏಪ್ರಿಲ್ 3. ಇನ್ನೊಂದರಲ್ಲಿ ಅಮೆರಿಕದವರ ಪದ್ಧತಿಯಂತೆ ಮಾರ್ಚ್ 4. ಮತ್ತೊಂದು ಫಂಕ್ಷನ್ ಹುಟ್ಟಿದ ದಿನವನ್ನೇ ಒಂದು ದಿನ ಹಿಂದಕ್ಕೆ ತಳ್ಳುತ್ತಿತ್ತು. ನಮ್ಮ ಗಡಿಯಾರ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಏಪ್ರಿಲ್ 3 ಶುರುವಾಗುವ ಮಧ್ಯರಾತ್ರಿ, ಯುಟಿಸಿಯಲ್ಲಿ ಇನ್ನೂ ಏಪ್ರಿಲ್ 2ರ ಸಂಜೆ 6:30. ಜಾವಾಸ್ಕ್ರಿಪ್ಟ್‌ನ ‘ಟು ಐಎಸ್‌ಒ ಸ್ಟ್ರಿಂಗ್’ ಯುಟಿಸಿಯಲ್ಲೇ ಬರೆಯುತ್ತೆ. ಅದರ ಮೊದಲ 10 ಅಕ್ಷರ ಕತ್ತರಿಸಿ ತಾರೀಖು ಅಂತ ತೋರಿಸಿದರೆ ಮುಗೀತು ಕಥೆ.

ಹಾಗಾಗಿ ಎರಡೇ ಉಳಿಸಿದೆ. ಜನರಿಗೆ ತೋರಿಸೋಕೆ ಒಂದು. ಡೇಟಾಬೇಸಿಗೆ ಐಎಸ್‌ಒ 8601ರ ಪ್ರಕಾರ ವರ್ಷ-ತಿಂಗಳು-ದಿನ ಬರೆಯೋಕೆ ಇನ್ನೊಂದು.

ಅಳಿಸಿದವುಗಳಲ್ಲಿ ಒಂದು ವಿಚಿತ್ರದ್ದಿತ್ತು. ಕೊಟ್ಟ ಸಮಯದಿಂದ 6 ಗಂಟೆ ಕಳೆದು ಆಮೇಲೆ ತಾರೀಖು ಬರೆಯುತ್ತಿತ್ತು. ಕಾಮೆಂಟ್ ಇಲ್ಲ, ಟೆಸ್ಟ್ ಇಲ್ಲ. ಯಾರೋ ಐದೂವರೆಯನ್ನು ಅಂದಾಜಿಗೆ ಆರು ಮಾಡಿದ್ದಾರೆ ಅಂತ ನಕ್ಕು ಅದನ್ನೂ ಅಳಿಸಿದೆ. ರಿವ್ಯೂ ಮಾಡಿದವರೂ ‘ಒಳ್ಳೆ ಕ್ಲೀನಪ್’ ಅಂದರು.

ಆ ವಾರ ನಾನು ಊರಲ್ಲಿ, ಕುಮಾರಪಟ್ಟಣದಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ತುಂಗಭದ್ರೆಯ ಈ ದಂಡೆಗೆ ನಾವು, ಆ ದಂಡೆಗೆ ಹರಿಹರ. ಹರಿಹರ ಪಾಲಿಫೈಬರ್ಸ್ ಇರುವ ಊರು ನಮ್ಮದು. ಇಲ್ಲಿ ‘ಈ ವಾರ ಯಾವ ಪಾಳಿ?’ ಅನ್ನೋದು ‘ಊಟ ಆಯ್ತಾ?’ ಅನ್ನುವಷ್ಟೇ ಸಹಜ ಪ್ರಶ್ನೆ.

ಮೂರನೇ ದಿನ ಫೋನ್ ಬಂತು. ನಮ್ಮ ಹಾಜರಿ ಸಾಫ್ಟ್‌ವೇರ್ ಬಳಸುವ, ಬೇರೆ ಊರಿನ ಒಂದು ಕಾರ್ಖಾನೆಯಿಂದ. “ಮೂರನೇ ಪಾಳಿಯವರಿಗೆ ಆಬ್ಸೆಂಟ್ ಬೀಳ್ತಾ ಇದೆ. ನಾಡಿದ್ದು ಸಂಬಳದ ಲೆಕ್ಕ.”

ಎಷ್ಟು ಹುಡುಕಿದರೂ ತಪ್ಪು ಕಾಣಲಿಲ್ಲ. ತಾರೀಖುಗಳೆಲ್ಲ ಸರಿಯಾಗೇ ಇದ್ದವು! ಚಹಾ ಕುಡಿಯುತ್ತಾ ಅಪ್ಪನ ಮುಂದೆ ಹೇಳಿಕೊಂಡೆ. ಜೀವನವಿಡೀ ಪಾಳಿಯಲ್ಲಿ ದುಡಿದು ನಿವೃತ್ತರಾದವರು ಅವರು.

“ರಾತ್ರಿ 12ರ ಪಾಳಿಗೆ ಒಬ್ಬಾಂವ 10 ನಿಮಿಷ ಮೊದ್ಲ ಬರ್ತಾನ, ಒಬ್ಬಾಂವ 5 ನಿಮಿಷ ತಡಾ ಬರ್ತಾನ. ಅಷ್ಟಕ್ಕ ಅವ್ರ ದಿನ ಬ್ಯಾರೆ ಆಗತೈತೇನು ತಮ್ಮಾ? ಸೋಮವಾರ ರಾತ್ರಿ ಉಂಡು ಹೊಂಟ್ರ ಅದು ಸೋಮವಾರದ ಡ್ಯೂಟಿನ.”

ಒಳಗಿಂದ ಅವ್ವ ದನಿಗೂಡಿಸಿದಳು: “ಹೊತ್ತು ಹುಟ್ಟಿದ ಮ್ಯಾಲ ಅಲ್ಲೇನು ವಾರ ಬದಲಾಗೋದು?”

ಪಂಚಾಂಗದಲ್ಲಿ ಹಾಗೇ. ವಾರ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಮಧ್ಯರಾತ್ರಿಗೆ ದಿನ ಮುಗಿಯುತ್ತೆ ಅನ್ನೋದು ಅವ್ವನ ಲೆಕ್ಕದಲ್ಲೂ ಇಲ್ಲ, ಅಪ್ಪನ ಲೆಕ್ಕದಲ್ಲೂ ಇಲ್ಲ. ನನ್ನ ಕೋಡ್‌ನಲ್ಲಿ ಮಾತ್ರ ಇತ್ತು.

ಈಗ ಹೊಳೆಯಿತು. ಸೋಮವಾರ ರಾತ್ರಿಯ ಪಾಳಿಗೆ ಒಬ್ಬರು 12:05ಕ್ಕೆ ಪಂಚ್ ಮಾಡಿದರೆ ಅದು ಮಂಗಳವಾರದ ತಾರೀಖು. ಮರುರಾತ್ರಿ ಅವರೇ 11:50ಕ್ಕೆ ಪಂಚ್ ಮಾಡಿದರೆ ಅದೂ ಮಂಗಳವಾರವೇ. ಸೋಮವಾರ ಆಬ್ಸೆಂಟ್, ಮಂಗಳವಾರ ಎರಡು ಹಾಜರಿ. ಆರು ಗಂಟೆ ಕಳೆದರೆ 11:50 ಸಂಜೆ 5:50 ಆಗುತ್ತೆ, 12:05 ಹಿಂದಿನ ದಿನದ ಸಂಜೆ 6:05 ಆಗುತ್ತೆ. ಪ್ರತಿ ಪಾಳಿಯೂ ತನ್ನ ತಾರೀಖಿಗೇ ಸೇರುತ್ತೆ. ಬೆಳಗಿನ 8ರ ಪಾಳಿಗೆ ಏನೂ ವ್ಯತ್ಯಾಸ ಇಲ್ಲ. ನಾನು ನಕ್ಕು ಅಳಿಸಿದ್ದು ಇದನ್ನೇ.

ತಾರೀಖನ್ನು ಹೇಗೆ ಬರೆಯಬೇಕು ಅನ್ನೋದು ಒಂದು ಪ್ರಶ್ನೆ. ಅದು ಯಾವ ದಿನ ಅನ್ನೋದು ಬೇರೆ ಪ್ರಶ್ನೆ. ಎರಡಕ್ಕೂ ‘ಫಾರ್ಮ್ಯಾಟ್ ಡೇಟ್’ ಅಂತಲೇ ಹೆಸರಿಟ್ಟದ್ದು ಹಳಬರ ತಪ್ಪು. ಕೇಳದೆ ಅಳಿಸಿದ್ದು ನನ್ನದು. ಬರೆದವರ ಹೆಸರು ಗಿಟ್‌ನಲ್ಲೇ ಇತ್ತು. ಒಂದು ಮೆಸೇಜ್ ಹಾಕಿದ್ದರೆ ಐದು ನಿಮಿಷದ ಕೆಲಸ.

ಅವತ್ತು ರಾತ್ರಿಯೇ ಅದನ್ನು ವಾಪಸ್ ತಂದೆ. ‘ಶಿಫ್ಟ್ ಡೇಟ್’ ಅಂತ ಹೆಸರಿಟ್ಟು ಎರಡು ಸಾಲು ಕಾಮೆಂಟ್ ಬರೆದೆ. 11:50 ಮತ್ತು 12:05 ಒಂದೇ ಪಾಳಿ ಅನ್ನೋ ಟೆಸ್ಟ್ ಸೇರಿಸಿದೆ. ಮೂರು ದಿನದ ಹಾಜರಿ ಮತ್ತೆ ಲೆಕ್ಕ ಹಾಕಿಸಿದೆ.

ಬೆಳಿಗ್ಗೆ ಅಪ್ಪ ಕೇಳಿದರು: “ಅವ್ರ ಪಗಾರ ಸರಿ ಆತೇನು?”

“ಆತಪ್ಪಾ.”

“ಮತ್ತ ಓಟಿ?”

ಲ್ಯಾಪ್‌ಟಾಪ್ ಮತ್ತೆ ತೆರೆದೆ.