ಭಾರ ಬಿದ್ದ ಮೇಲೆ ಬಿಗಿ

ಮನುಷ್ಯನಿಗೆ ವಯಸ್ಸಾದ ಸುದ್ದಿಯನ್ನು ಮೊದಲು ಹೇಳುವುದು ಮೊಣಕಾಲು. ಕಾರಿಗೆ ವಯಸ್ಸಾದ ಸುದ್ದಿಯನ್ನು ಹೇಳುವುದು ಬುಷ್. ಕನ್ನಡ ಪಾಠ ಹೇಳುವವನಾದ ನಾನು ಇದಕ್ಕೊಂದು ಅಚ್ಚ ಹೆಸರಿಗಾಗಿ ಬಹಳ ತಡಕಾಡಿದೆ. 'ರಬ್ಬರಿನ ಬಳೆ' ಎಂದರೆ ರೂಪ ತಿಳಿದೀತು, ಗುಣ ತಿಳಿಯದು. ನಮ್ಮ ಮಧುಗಿರಿಯ ಗ್ಯಾರೇಜುಗಳಲ್ಲಿ 'ಬುಷ್ಷು' ಎಂದೇ ಸಲ್ಲುತ್ತದೆ; ಅಲ್ಲಿಗೇ ಬಿಟ್ಟೆ.

ನಮ್ಮಲ್ಲಿರುವುದು ತಂದೆಯವರು ಬಿಟ್ಟುಹೋದ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ವಂಶದ ಈ ಗಾಡಿ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ತಯಾರಾಗುತ್ತ ಬಂದು 2014ರಲ್ಲಿ ನಿಂತುಹೋಯಿತು. ಮಾರಿಬಿಡೋಣವೆಂದು ತಮ್ಮನ ವಾದ. ತಾಯಿಯವರದು ಬೇರೆ. ಅವರಿಗೆ ಎಂಬತ್ತು ದಾಟಿದೆ, ಬೆನ್ನುಮೂಳೆ ಸವೆದಿದೆ. ಕಾಲು ನೀಡಿ ಒರಗಲು ಅವರಿಗೆ ಒಗ್ಗುವುದು ಇದರ ಹಿಂದಿನ ಸೀಟು ಒಂದೇ. ಆದರೆ ಹಳ್ಳ ಬಂದಾಗಲೆಲ್ಲ ಹಿಂದಿನಿಂದ 'ಟಕ್' ಎಂಬ ಸದ್ದು. ಅದರ ಬೆನ್ನಿಗೇ ಅವರ 'ಅಯ್ಯೋ'. ಪಾವಗಡದಾಚೆ ತಿರುಮಣಿಯ ಕಡೆ ಇರುವ ಮಗಳ ಮನೆಗೆ ಅವರು ಎರಡು ವರ್ಷದಿಂದ ಹೋಗಿರಲಿಲ್ಲ.

ಕೊರಟಗೆರೆಯ ಅಂಗಡಿಗಳಲ್ಲಿ ಬುಷ್ ಸಿಕ್ಕಲಿಲ್ಲ, ತುಮಕೂರಿನಿಂದ ತರಿಸಿದೆ. ಹಾಕಿಕೊಟ್ಟವರು ಸಿರಾದ ಒಬ್ಬ ಹಿರಿಯ ಮೇಸ್ತ್ರಿ. ಹಿಂದಿನ ಕಮಾನುಪಟ್ಟಿಗಳ ತುದಿಯಿಂದ ಅವರು ಕಿತ್ತು ತೆಗೆದ ಹಳೆಯ ಬುಷ್‌ಗಳು ಬೇಸಗೆಯ ಕೆರೆಯಂಗಳದಂತೆ ಬಿರುಕುಬಿಟ್ಟಿದ್ದವು. ದುಂಡಗಿರಬೇಕಾದ ತೂತು ಮೊಟ್ಟೆಯ ಆಕಾರಕ್ಕೆ ತಿರುಗಿತ್ತು. ಬಿಸಿಲಿಗೆ ಮೆತ್ತಗಾಗಿ, ಚಳಿಗೆ ಸೆಟೆಯುತ್ತಿದ್ದ ರಬ್ಬರನ್ನು ಗಂಧಕದೊಡನೆ ಕಾಯಿಸಿದರೆ ಗಟ್ಟಿಗೊಳ್ಳುತ್ತದೆಂದು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡನಷ್ಟೆ. ಹಾಗೆಂದು ಅದು ಅಮರವಾಗಲಿಲ್ಲ; ಕಾವು, ಗಾಳಿ, ಎಣ್ಣೆ ಮೂರೂ ಅದನ್ನು ತಿನ್ನುತ್ತವೆ. ಆದ್ದರಿಂದಲೇ ಮೇಸ್ತ್ರಿಗಳು ಗ್ರೀಸಿನ ಡಬ್ಬಿಯನ್ನು ದೂರ ಸರಿಸಿ, ಸಾಬೂನು ನೀರು ಸವರಿ ಹೊಸ ಬುಷ್‌ಗಳನ್ನು ಒಳಗೆ ಒತ್ತಿದರು.

ನಟ್ಟುಗಳನ್ನು ಬೆರಳಿನಲ್ಲಿ ತಿರುಗಿಸಿ ಸುಮ್ಮನಾದರು. ಬಿಗಿಯುವುದಿಲ್ಲವೆ ಎಂದೆ. "ಗಾಡಿ ಇನ್ನೂ ಗಾಳಿಯಲ್ಲಿದೆ ಸಾರ್. ಕೆಳಗಿಳಿದು ಭಾರ ಬೀಳಲಿ" ಎಂದರು.

ವಿಷಯ ಇಷ್ಟೆ. ಬುಷ್ ಜಾರುವುದಿಲ್ಲ, ಬಿಗಿದಲ್ಲೇ ನಿಂತು, ತನ್ನೊಳಗೇ ತಿರುಚಿಕೊಂಡು ಮತ್ತೆ ಸರಿಹೋಗುತ್ತದೆ. ಚಕ್ರ ಜೋತಾಡುತ್ತಿರುವಾಗ ಬಿಗಿದರೆ, ಗಾಡಿ ನೆಲಕ್ಕಿಳಿದೊಡನೆಯೇ ಅದು ತಿರುಚಿಕೊಳ್ಳುತ್ತದೆ. ನಿಂತಾಗಲೂ ಅದಕ್ಕೆ ವಿಶ್ರಾಂತಿಯಿಲ್ಲ, ಬೇಗ ಹರಿಯುತ್ತದೆ.

ತಂದೆಯವರು ಹೋದ ವರ್ಷ ಅಣ್ಣತಮ್ಮಂದಿರು ಕುಳಿತು, ತಾಯಿ ನನ್ನಲ್ಲಿ ಆರು ತಿಂಗಳು, ಬೆಂಗಳೂರಿನಲ್ಲಿ ತಮ್ಮನಲ್ಲಿ ಆರು ತಿಂಗಳು ಎಂದು ಒಪ್ಪಿಕೊಂಡಿದ್ದೆವು. ಆಗ ಅವರು ತಾವೇ ಬಸ್ಸು ಹತ್ತಿ ಹೋಗಿಬರುತ್ತಿದ್ದರು. ಭಾರವೆಂಬುದು ಯಾರ ಮೇಲೂ ಬಿದ್ದಿರಲಿಲ್ಲ. ಮಾತು ಮಾತ್ರ ಬಿಗಿಯಾಗಿತ್ತು. ಈಗ ಅದರಿಂದ ನಮ್ಮಿಬ್ಬರಿಗೂ ತಿರುಚು.

ಮುಂದಿನ ಭಾನುವಾರ ತಾಯಿಯವರನ್ನು ಕರೆದುಕೊಂಡು ತಂಗಿಯ ಮನೆಗೆ ಹೊರಟೆ. ಪಾವಗಡ ದಾಟುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಅವರಿಗೆ ಜೋಂಪು ಹತ್ತಿತ್ತು. ರೈತರಿಂದ ಗುತ್ತಿಗೆಗೆ ಪಡೆದ ನೆಲದಲ್ಲಿ 2,050 ಮೆಗಾವಾಟ್ ವಿದ್ಯುತ್ತಿಗಾಗಿ ಹಾಸಿರುವ ಸೌರಫಲಕಗಳನ್ನು ತೋರಿಸಲೆಂದು ಎಬ್ಬಿಸಿದೆ. "ಕೆರೆ ತುಂಬಿದೆಯೇನೋ?" ಎಂದರು.

ಊಟವಾದ ಮೇಲೆ, "ನಾನು ಇಲ್ಲೇ ಇರುತ್ತೇನೆ. ಎಷ್ಟು ದಿನ ಅಂತ ಯಾರೂ ಲೆಕ್ಕ ಹಾಕಬೇಡಿ" ಎಂದರು. ತಂಗಿ ಆಗಲೇ ಹಾಸಿಗೆ ಬಿಡಿಸುತ್ತಿದ್ದಳು. ನಾನು ತಮ್ಮನಿಗೆ ಫೋನು ಮಾಡಿದೆ. ಹಳೆಯ ಕರಾರನ್ನು ಸಡಿಲಿಸಿ, ಮೂವರೂ ಕೂತು ಮತ್ತೆ ಮಾತಾಡೋಣವೆಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರುವ ಶನಿವಾರ ಬರುತ್ತೇನೆ. ಕಾರನ್ನು ಸದ್ಯಕ್ಕೆ ಮಾರಬೇಡ" ಎಂದ.