ಗಾಡಿ ಎಲ್ಲಿ ಹಚ್ಚೀರಿ?

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹೊಸ್ತಿಲು ದಾಟಿ ಬಂದವರಿಗೆ ನೀರಿನ ತಂಬಿಗೆ ಕೊಡುತ್ತಲೇ ಕೇಳುವ ಮಾತೊಂದಿದೆ: 'ಗಾಡಿ ಎಲ್ಲಿ ಹಚ್ಚೀರಿ?' ಬಂದವರು 'ಇಲ್ಲೇ ಗೇಟಿನ ಹೊರಗ್ರಿ' ಅಂದರೆ ಹಿರಿಯರಿಗೆ ಸಮಾಧಾನವಿಲ್ಲ. 'ಕೀಲಿ ಹಾಕೀರಿಲ್ಲೋ? ಒಳಗ ತಂದ್ ಹಚ್ರಿ, ಆಮ್ಯಾಲ ಕುಂತು ಮಾತಾಡೂಣಂತ.' ಗಾಡಿ ಅಂಗಳಕ್ಕೆ ಬಂದ ಮೇಲೆಯೇ ಚಹಾದ ಪಾತ್ರೆ ಒಲೆ ಏರುತ್ತದೆ.

ನಮ್ಮ ಕಡೆ ಸ್ಕೂಟರು, ಬೈಕು, ಮೊಪೆಡ್ಡು ಎಲ್ಲವೂ ಗಾಡಿಯೇ. ಅದನ್ನು ನಾವು ನಿಲ್ಲಿಸುವುದಿಲ್ಲ, ಹಚ್ಚುತ್ತೇವೆ. ದೀಪ ಹಚ್ಚುತ್ತೇವೆ, ಹಣೆಗೆ ಕುಂಕುಮ ಹಚ್ಚುತ್ತೇವೆ, ಗಾಯಕ್ಕೆ ಅರಿಶಿನ ಹಚ್ಚುತ್ತೇವೆ, ಬೇಕಾದವರನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತೇವೆ. ಅದೇ ಕ್ರಿಯಾಪದ ಗಾಡಿಗೂ ಬಂದಿರುವುದು ನನಗೆ ಬಹಳ ಸರಿಯೆನಿಸುತ್ತದೆ. ಹಚ್ಚುವ ಕೆಲಸ ಯಾವುದೇ ಇರಲಿ, ಅದಕ್ಕೆ ಕೈಯ ಜೊತೆ ಚಿತ್ತವೂ ಬೇಕು. ಚಿತ್ತವಿಲ್ಲದೆ ಗಾಡಿ ಹಚ್ಚಿದ ಒಂದು ರಾತ್ರಿ ನನಗೆ ಇದನ್ನು ಕಲಿಸಿತು.

ಆ ರಾತ್ರಿಯ ಮಾತಿಗೆ ಮೊದಲು, ಗಾಡಿ ನಮಗೆ ಏನು ಎಂಬುದನ್ನು ಹೇಳಬೇಕು. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆಯಾಯಿತು. ನಡುವಿನ ಇಪ್ಪತ್ತು ಕಿಲೋಮೀಟರು ಮಾತ್ರ ಹಾಗೇ ಉಳಿಯಿತು. ಮನೆ ಧಾರವಾಡದಲ್ಲಿ, ನೌಕರಿ ಹುಬ್ಬಳ್ಳಿಯಲ್ಲಿ. ಅಂಗಡಿ ಹುಬ್ಬಳ್ಳಿಯಲ್ಲಿ, ಮಕ್ಕಳ ಕಾಲೇಜು ಧಾರವಾಡದಲ್ಲಿ. 2018ರಿಂದ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಈ ದೂರವನ್ನು ಹಗುರ ಮಾಡಿದೆ, ನಿಜ. ಆದರೆ ಬಸ್ ನಿಲ್ದಾಣದಿಂದ ಮನೆಯ ತನಕ, ಏರಿಳಿತದ ಓಣಿಗಳಲ್ಲಿ, ಗಾಡಿಯೇ ಗತಿ. ಬೆಳಗಿನ ಐದಕ್ಕೆ ಹಳ್ಳಿಯಿಂದ ಎರಡೂ ಬದಿ ಹಾಲಿನ ಕ್ಯಾನು ತೂಗಿಸಿಕೊಂಡು ಬರುವ ಗೌಳಿಗನಿಗೆ ಗಾಡಿ ಎಂದರೆ ಆ ದಿನದ ದುಡಿಮೆ. ಧಾರವಾಡದ ಸಪ್ತಾಪುರದ ಖೋಲಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ, ಸಂಜೆ ಮನೆಮನೆಗೆ ಊಟ ತಲುಪಿಸಿ ಬಾಡಿಗೆ ಕಟ್ಟುವ ಹುಡುಗನಿಗೆ ಅದು ವಿದ್ಯಾರ್ಥಿ ವೇತನ. ಆಸ್ಪತ್ರೆಯಲ್ಲಿ ಮಲಗಿದವರಿಗೆ ಮನೆಯಿಂದ ಗಂಜಿ ಒಯ್ಯುವ ಹೆಣ್ಣುಮಗಳಿಗೆ ಅದು ಎರಡನೆಯ ಜೋಡಿ ಕಾಲು. ಗಾಡಿ ತುಡುಗಾಯಿತು ಎಂದು ಪೇಪರಿನ ಮೂಲೆಯಲ್ಲಿ ಎರಡು ಸಾಲು ಬಂದಾಗ ನಾವು ಕಂಪನಿ ಹೆಸರು, ಬೆಲೆ ಓದಿ ಮುಂದೆ ಹೋಗುತ್ತೇವೆ. ಅಂದು ಯಾರ ಮನೆಯಲ್ಲಿ ಏನು ನಿಂತುಹೋಯಿತು ಎಂಬುದು ಆ ಎರಡು ಸಾಲಿನಲ್ಲಿ ಇರುವುದಿಲ್ಲ.

ನಮ್ಮ ಅಪ್ಪನದು ಹಳೆಯ ಬಜಾಜ್ ಚೇತಕ್. ಆ ಕಾಲದ ಚೇತಕ್ ಚಾಲೂ ಮಾಡಲು ಕೀಲಿಯೇ ಬೇಕಿರಲಿಲ್ಲ. ಕಿಕ್ ಹೊಡೆದರೆ ಸಾಕು, ಹೊರಡುತ್ತಿತ್ತು. ಅದಕ್ಕಿದ್ದ ಕಾವಲೆಂದರೆ ಹ್ಯಾಂಡಲ್ ಲಾಕ್ ಒಂದೇ. ಅಪ್ಪ ಹುಬ್ಬಳ್ಳಿಯ ದುರ್ಗದ ಬೈಲಿಗೆ ಸಂತೆಗೆ ಹೋದರೂ, ಸಿದ್ಧಾರೂಢ ಮಠಕ್ಕೆ ದರ್ಶನಕ್ಕೆ ಹೋದರೂ, ಗಾಡಿ ಹಚ್ಚಿದ ಮೇಲೆ ಹ್ಯಾಂಡಲ್ ಎಡಕ್ಕೆ ತಿರುವಿ, ಕೀಲಿ ಒತ್ತಿ, 'ಕಟಕ್' ಎಂಬ ಸಪ್ಪಳ ಕೇಳಿಯೇ ಕೈ ಬಿಡುತ್ತಿದ್ದರು. ಆಮೇಲೆ ಹ್ಯಾಂಡಲ್ಲನ್ನು ಒಮ್ಮೆ ಅಲ್ಲಾಡಿಸಿ ನೋಡುವರು. ನಾಲ್ಕು ಹೆಜ್ಜೆ ನಡೆದು ಹೊರಳಿ ಮತ್ತೊಮ್ಮೆ ನೋಡುವರು. 'ಕೀಲಿ ತುಡುಗಗಲ್ಲೋ ತಮ್ಮಾ, ನಮ್ಮ ಮರವಿಗೆ' ಎನ್ನುತ್ತಿದ್ದರು.

ಹತ್ತು ವರ್ಷದ ಹಿಂದಿನ ಮಾತು. ರಾತ್ರಿ ಒಂಬತ್ತಕ್ಕೆ ಸೋದರಮಾವನಿಗೆ ಎದೆನೋವು ಎಂದು ಫೋನ್ ಬಂತು. ಅವರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದಿದ್ದರು; ನಾನು ಬೈಕ್ ಹತ್ತಿ ಹಿಂದೆಯೇ ಹೋದೆ. ಆಸ್ಪತ್ರೆಯ ಹೊರಗೆ ಬೇವಿನ ಗಿಡದ ಕೆಳಗೆ ಗಾಡಿ ಹಚ್ಚಿ, ಕೀಲಿ ಕಿತ್ತುಕೊಂಡು ಓಡಿದೆ. ಹ್ಯಾಂಡಲ್ ತಿರುವಿ ಲಾಕ್ ಮಾಡಲು ಬೇಕಾದದ್ದು ಎರಡೇ ಸೆಕೆಂಡು. ಆ ಎರಡು ಸೆಕೆಂಡು ಅಂದು ನನ್ನಲ್ಲಿರಲಿಲ್ಲ. ಬೆಳಗಿನ ಜಾವ ಮಾವ ಕಣ್ಣು ತೆರೆದರು, ಡಾಕ್ಟರು 'ಇನ್ನೇನ್ ಹೆದರಿಕಿ ಇಲ್ಲ' ಎಂದರು. ಹಗುರ ಮನಸ್ಸಿನಿಂದ ಹೊರಗೆ ಬಂದೆ. ಬೇವಿನ ಗಿಡದ ಕೆಳಗೆ ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆಯ ಕಲೆ ಇತ್ತು, ಗಾಡಿ ಇರಲಿಲ್ಲ.

ಮೊದಲು ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಬೇರೆ ಗಿಡವಿರಬೇಕು, ಬೇರೆ ಗೇಟಿರಬೇಕು ಎಂದು ಮೂರು ಸುತ್ತು ಹಾಕಿದೆ. ಚಹಾದಂಗಡಿಯವರನ್ನು ಕೇಳಿದೆ. ಗಾಡಿ ಕಳೆದುಕೊಂಡ ಪ್ರತಿಯೊಬ್ಬರೂ ಈ ಮೂರು ಸುತ್ತು ಹಾಕುತ್ತಾರೆ. ಆ ಹೊತ್ತಿನಲ್ಲಿ ಗಾಡಿಯಷ್ಟೇ ಅಲ್ಲ, ಊರಿನ ಮೇಲಿನ ಭರವಸೆಯೂ ಕೈಬಿಟ್ಟು ಹೋದಂತಾಗುತ್ತದೆ. ಎದುರು ಬರುವ ಪ್ರತಿ ಬೈಕಿನ ನಂಬರು ನೋಡುತ್ತ, ಏರಿ ಕೂತವರ ಮುಖವನ್ನು ಸಂಶಯದಿಂದ ನೋಡುತ್ತೇವೆ.

ಪೊಲೀಸ್ ಠಾಣೆಯಲ್ಲಿ ಹವಾಲ್ದಾರರು ದೂರು ಬರೆದುಕೊಳ್ಳುತ್ತ ಕೇಳಿದರು: 'ಎಂಜಿನ್ ನಂಬರ್? ಚಾಸಿ ನಂಬರ್?' ಗಾಡಿಯ ಪ್ರತಿ ಗೀರು, ಸೀಟಿನ ಪ್ರತಿ ಹರಕು ಗೊತ್ತಿದ್ದ ನನಗೆ ಅದರ ನಿಜವಾದ ಹೆಸರೇ ಗೊತ್ತಿರಲಿಲ್ಲ. ಕೆಎ 25 ಎಂದು ಶುರುವಾಗುವ ನಂಬರ್ ಪ್ಲೇಟು ಎರಡು ಸ್ಕ್ರೂಗಳಿಂದ ನಿಂತ ತಗಡು. ಚಾಸಿಯ ಮೇಲೆ ಕೊರೆದ ಹದಿನೇಳು ಅಕ್ಷರ-ಅಂಕಿಗಳೇ ಗಾಡಿಯ ಹುಟ್ಟುಗುರುತು. ಆರ್‌ಸಿ ಪುಸ್ತಕ ಎಲ್ಲಿತ್ತು? ಗಾಡಿಯ ಸೀಟಿನ ಕೆಳಗೇ ಇತ್ತು. ವಿಮೆ ಇತ್ತು, ಆದರೆ ಥರ್ಡ್ ಪಾರ್ಟಿ ಮಾತ್ರ. ನನ್ನ ಗಾಡಿಯಿಂದ ಇನ್ನೊಬ್ಬರಿಗಾದ ಹಾನಿಗೆ ಅದು ಉತ್ತರ ಕೊಡುತ್ತದೆ. ನನ್ನ ಗಾಡಿ ತುಡುಗಾದರೆ ಅದಕ್ಕೆ ಬಾಯಿಲ್ಲ.

ನಾಲ್ಕು ತಿಂಗಳ ಮೇಲೆ ನೆರೆಯ ಜಿಲ್ಲೆಯ ಠಾಣೆಯಿಂದ ಫೋನ್ ಬಂತು. ರಸ್ತೆಯಲ್ಲಿ ತಡೆದು ತಪಾಸಣೆ ಮಾಡಿದಾಗ ಒಂದು ಬೈಕಿನ ಪ್ಲೇಟಿಗೂ ಚಾಸಿ ನಂಬರಿಗೂ ತಾಳೆ ಬಿದ್ದಿರಲಿಲ್ಲ. ಹೋಗಿ ನೋಡಿದೆ. ಟ್ಯಾಂಕಿಗೆ ಬೇರೆ ಬಣ್ಣ, ಸೀಟಿಗೆ ಹೊಸ ಕವರು. ಹದಿನೇಳು ಗುರುತು ಮಾತ್ರ ನನ್ನವೇ. ಅಲ್ಲಿ ಬೆಂಚಿನ ಮೇಲೆ ಕೂಲಿ ಮಾಡುವ ಇಪ್ಪತ್ತೆರಡರ ಹರೆಯದ ಹುಡುಗನೊಬ್ಬ, ಪಕ್ಕದಲ್ಲಿ ಸೆರಗು ಬಾಯಿಗಿಟ್ಟುಕೊಂಡ ಅವನ ಅವ್ವ. ಹುಡುಗ ಕದ್ದವನಲ್ಲ, ಕೊಂಡವನು. ಎರಡು ಹಂಗಾಮು ದುಡಿದ ರೊಕ್ಕವನ್ನು ಸಂತೆಯಲ್ಲಿ ಭೇಟಿಯಾದ ಯಾರಿಗೋ ಕೊಟ್ಟಿದ್ದ. 'ಕಾಗದ ಆಮ್ಯಾಲ ಕೊಡ್ತೀನಿ ಅಂದಿದ್ರಿ, ಸಾಹೇಬ್ರ' ಎಂದ. ನಾಲ್ಕು ತಿಂಗಳಿಂದ ಕಾಣದ ತುಡುಗನ ಮೇಲೆ ಸಿಟ್ಟು ಇಟ್ಟುಕೊಂಡು ಹೋದ ನನಗೆ ಅಲ್ಲಿ ಸಿಟ್ಟು ಮಾಡಲು ಯಾರೂ ಸಿಗಲಿಲ್ಲ. ನನ್ನಷ್ಟೇ ಕಳೆದುಕೊಂಡ ಇನ್ನೊಬ್ಬ ಸಿಕ್ಕಿದ.

ಗಾಡಿ ಬಿಡಿಸಿಕೊಳ್ಳಲು ಕೋರ್ಟಿಗೆ ಅರ್ಜಿ ಕೊಡಬೇಕಾಯಿತು. ಜಪ್ತಾದ ವಾಹನಗಳು ಠಾಣೆಯ ಅಂಗಳದಲ್ಲಿ ಬಳ್ಳಿ ಹಬ್ಬಿಸಿಕೊಂಡು ತುಕ್ಕು ಹಿಡಿಯುವುದನ್ನು ಎಲ್ಲ ಊರಲ್ಲೂ ಕಾಣುತ್ತೇವೆ. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ಫೋಟೊ ತೆಗೆದು, ಪಂಚನಾಮೆ ಮಾಡಿ, ಬಾಂಡ್ ಬರೆಸಿಕೊಂಡು ವಾಹನವನ್ನು ಬೇಗ ಬಿಟ್ಟುಕೊಡಬೇಕು ಎಂದು. ಈ ತೀರ್ಪಿನ ಬಲದಿಂದ ವಕೀಲರು ಗಾಡಿ ಬಿಡಿಸಿಕೊಟ್ಟರು. ಗಾಡಿ ಸಿಕ್ಕ ಮೇಲೆ ಅಂಗಳಗಳಲ್ಲಿ ಮಲಗಿದ ಬೈಕುಗಳನ್ನು ಕಂಡಾಗಲೆಲ್ಲ ಅನಿಸುತ್ತದೆ, ಇವುಗಳಲ್ಲಿ ಕೆಲವಕ್ಕಾದರೂ ಯಾರದೋ ಮನೆಯಲ್ಲಿ ಇನ್ನೂ ಎರಡನೆಯ ಕೀಲಿ ಮೊಳೆಗೆ ತೂಗುತ್ತಿರಬೇಕು.

ಅಂದಿನಿಂದ ಗಾಡಿ ಹಚ್ಚುವುದನ್ನು ಹೊಸದಾಗಿ ಕಲಿತೆ. ಹ್ಯಾಂಡಲ್ ಲಾಕ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಹ್ಯಾಂಡಲಿನ ಕೊರಳಲ್ಲಿ ಸಣ್ಣದೊಂದು ಕಡ್ಡಿ ತೂತಿಗೆ ಇಳಿದು ತಡೆಯುವ ಏರ್ಪಾಟದು, ಬಲಕ್ಕೆ ಮಣಿಯುತ್ತದೆ. ಹಳೆಯ ಗಾಡಿಗಳಲ್ಲಿ ಸವೆದ ಕೀಲಿ ಇನ್ನೊಬ್ಬರ ಗಾಡಿಗೂ ಹೊಂದುವುದುಂಟು. ಹಾಗೆ ಸವೆದಿದ್ದರೆ ಲಾಕ್ ಸೆಟ್ ಬದಲಿಸುವುದೇ ಒಳ್ಳೆಯದು. ಸ್ಕೂಟರಿನ ಕೀಲಿಕಂಡಿ ಮುಚ್ಚುವ ಶಟರ್ ಇದ್ದರೆ ಪ್ರತಿಸಲ ಮುಚ್ಚಬೇಕು. ಮುಂದಿನ ಡಿಸ್ಕಿಗೆ ಒಂದು ಲಾಕ್, ರಾತ್ರಿಯಾದರೆ ಹಿಂದಿನ ಚಕ್ರದೊಳಗಿಂದ ಕಂಬಕ್ಕೋ ಕಿಟಕಿಯ ಸರಳಿಗೋ ಸುತ್ತಿದ ದಪ್ಪ ಸರಪಳಿ. ಡಿಸ್ಕ್ ಲಾಕ್ ಮರೆತು ಗಾಡಿ ಎಳೆದರೆ ಬೀಳುತ್ತೇವೆ. ಹಾಗಾಗಿ ಅದಕ್ಕೂ ಹ್ಯಾಂಡಲಿಗೂ ಒಂದು ಕೆಂಪು ದಾರ ಕಟ್ಟಿದ್ದೇನೆ. ನಮ್ಮ ಓಣಿಯ ಮೇಸ್ತ್ರಿ ಕರೆಂಟು ತಡೆಯುವ ಗುಪ್ತ ಸ್ವಿಚ್ಚೊಂದನ್ನು ಕೂಡಿಸಿಕೊಟ್ಟಿದ್ದಾನೆ. ಯಾವ ಲಾಕೂ ತುಡುಗನನ್ನು ಪೂರ್ತಿ ತಡೆಯುವುದಿಲ್ಲ, ತಡಮಾಡಿಸುತ್ತದೆ. ಆ ತಡದೊಳಗೆ ಯಾರಾದರೂ ನೋಡಬೇಕು. ಅದಕ್ಕೇ ಬೆಳಕಿದ್ದಲ್ಲಿ, ಜನರ ನೆದರು ಇದ್ದಲ್ಲಿ ಗಾಡಿ ಹಚ್ಚುತ್ತೇನೆ.

ಕಾಗದಗಳಿಗೂ ಇಷ್ಟೇ ಕಾಳಜಿ ಬೇಕು. 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕ್ ಕೊಳ್ಳುವಾಗಲೇ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿದೆ. ಬಹಳ ಜನ ಅದನ್ನು ಕಂಡು 'ಐದು ವರ್ಷ ಚಿಂತಿಲ್ಲ' ಎಂದುಕೊಳ್ಳುತ್ತಾರೆ. ಆದರೆ ತುಡುಗಿಗೆ ಪರಿಹಾರ ಕೊಡುವುದು ಓನ್ ಡ್ಯಾಮೇಜ್ ಭಾಗ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದು, ಪ್ರತಿವರ್ಷ ನವೀಕರಿಸಬೇಕು. ಗಾಡಿ ಹೋದರೆ ಅಂದೇ ಠಾಣೆಗೂ ವಿಮಾ ಕಂಪನಿಗೂ ತಿಳಿಸಬೇಕು. ಈಗಿನ ಕಾನೂನಿನಲ್ಲಿ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಆನ್‌ಲೈನಿನಲ್ಲಿ ಕೊಟ್ಟರೆ ಮೂರು ದಿನದೊಳಗೆ ಸಹಿ ಮಾಡಬೇಕು. ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಸಲ್ಲಿಸುವ 'ಸಿ ರಿಪೋರ್ಟ್' ಮತ್ತು ಗಾಡಿಯ ಎರಡೂ ಕೀಲಿ ವಿಮೆಗೆ ಬೇಕಾಗುತ್ತವೆ. 2019ರ ಏಪ್ರಿಲ್ 1ರ ನಂತರದ ಗಾಡಿಗಳಿಗೆ ಬರುತ್ತಿದ್ದ ಹೈ ಸೆಕ್ಯುರಿಟಿ ಪ್ಲೇಟನ್ನು 2023ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಹಳೆಯ ಗಾಡಿಗಳಿಗೂ ಕಡ್ಡಾಯ ಮಾಡಿತು. ಅದರ ಲೇಸರ್ ಸಂಖ್ಯೆ, ಹೊಲೊಗ್ರಾಮು, ಒಮ್ಮೆ ಕಿತ್ತರೆ ಮತ್ತೆ ಕೂಡದ ಲಾಕು, ಇವೆಲ್ಲ ನನ್ನ ಗಾಡಿಯ ಎರಡು ಸ್ಕ್ರೂಗಳಿಗೆ ಬಂದ ಉತ್ತರ.

ಇಷ್ಟೆಲ್ಲ ಹೇಳಿದರೂ ಆ ಬೆಂಚಿನ ಮೇಲಿನ ಹುಡುಗನನ್ನು ಮರೆಯಲಾಗುವುದಿಲ್ಲ. ಕೊಳ್ಳುವವನಿಲ್ಲದ ತುಡುಗು ಎಷ್ಟು ದಿನ ನಡೆದೀತು? ಕಾಗದವಿಲ್ಲದ ಗಾಡಿ ಅಗ್ಗಕ್ಕೆ ಸಿಕ್ಕಾಗ 'ಬ್ಯಾಡ' ಎನ್ನುವವನು ಎಲ್ಲೋ ಗುರುತಿಲ್ಲದವನ ಬಾಗಿಲಿಗೆ ಕೀಲಿ ಹಾಕಿದಂತೆ. ಕದ್ದ ಮಾಲೆಂದು ತಿಳಿದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಸಜೆಯಿದೆ. ಸಜೆಯ ಭಯಕ್ಕಿಂತ ಆ ತಾಯಿಯ ಮುಖ ನೆನಪಾದರೆ ಸಾಕು. ಈಗ ನಮ್ಮ ಪೈಕಿ ಯಾರೇ ಹಳೆಯ ಗಾಡಿ ಕೊಳ್ಳುತ್ತೇನೆಂದರೂ ನಾನು ಜೊತೆಗೆ ಹೋಗುತ್ತೇನೆ. ಚಾಸಿ ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತೇನೆ. ಆರ್‌ಸಿಯೊಡನೆ ಅಂಕಿ ಅಂಕಿ ಹೊಂದಿಸಿ ನೋಡುತ್ತೇನೆ. ಫಾರ್ಮ್ 29, 30ಕ್ಕೆ ಮಾರುವವರ ಸಹಿ ಬೀಳದೆ ರೊಕ್ಕ ಕೊಡಬೇಡ ಎನ್ನುತ್ತೇನೆ.

ಮೊನ್ನೆ ಧಾರವಾಡದ ಸುಭಾಸ ರಸ್ತೆಯಲ್ಲಿ ಗಾಡಿ ಹಚ್ಚಿ, ಕೀಲಿ ಹಾಕಿ, ಅಪ್ಪನಂತೆ ಹೊರಳಿ ನೋಡಿದೆ. ನನ್ನದರ ಪಕ್ಕದ ಸ್ಕೂಟರಿನ ಹ್ಯಾಂಡಲ್ ನೆಟ್ಟಗಿತ್ತು, ಲಾಕ್ ಇರಲಿಲ್ಲ. ಯಾರದೋ ಎಂದು ಹೋಗಲು ಮನಸ್ಸಾಗಲಿಲ್ಲ. ಹತ್ತಿರ ಹೋಗಿ ಕೀಲಿಕಂಡಿಗೆ ಬಗ್ಗಿ ನೋಡುತ್ತಿದ್ದೆ. ಎದುರಿನ ಹೂವಿನ ಬುಟ್ಟಿಯ ಹೆಣ್ಣುಮಗಳು ಮಾಲೆ ಕಟ್ಟುವ ಕೈ ನಿಲ್ಲಿಸಿ ಗಟ್ಟಿಯಾಗಿ ಕೇಳಿದಳು: 'ಏನ್ ನೋಡಾಕತ್ತೀರಿ ಅಣ್ಣಾರ? ಅದು ನಿಮ್ಮ ಗಾಡೀನ?'

'ಅಲ್ಲವ್ವಾ, ಕೀಲಿ ಬಿಟ್ಟು ಹೋಗ್ಯಾರೇನೋ ಅಂತ ನೋಡಿದೆ.'

'ಬಿಟ್ಟ ಹೋಗಿದ್ರು. ನಾನ ತಕ್ಕೊಂಡ ಇಟ್ಟೇನ್ರಿ' ಎಂದು ಅವಳು ಸೆರಗಿನ ಗಂಟು ಮುಟ್ಟಿ ತೋರಿಸಿದಳು. 'ಅಕ್ಕಾರ ಬರ್ತಾರ, ಕೊಡ್ತೇನಿ.'

ಗಾಡಿಯ ಒಡತಿ ಬಂದು ಗಾಬರಿಯಿಂದ ಪರ್ಸು ತಡಕಾಡುವ ತನಕ ನಾನೂ ಅಲ್ಲೇ ನಿಂತೆ. ಹೂವಿನವಳು ಗಂಟು ಬಿಚ್ಚಿ ಕೀಲಿ ಕೊಟ್ಟಳು. ಕೀಲಿಗೆ ಮಲ್ಲಿಗೆಯ ಒಂದು ಎಸಳು ಅಂಟಿಕೊಂಡಿತ್ತು.